ಜಾಲತಾಣ ನಿರ್ಮಾಣದಲ್ಲಿ ಪ್ರೋಗ್ರಾಮರನೂ ವಿನ್ಯಾಸಕಾರನೂ: ನಾಲ್ಕು ಊರುಗಳ ನಿದರ್ಶನದಿಂದ ಒಂದು ವಿಮರ್ಶೆ

೧

ಇತಿಹಾಸದ ಅಧ್ಯಾಪಕರು ಜಾಲತಾಣಗಳ ರಚನೆಯನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವಾಗಿ ತೋರಬಹುದು. ಆದರೆ ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಶಾಸನವೊಂದನ್ನು ಮೊದಲು ಕಾಣುವುದು ದೇವಾಲಯದ ಅಂಗಳದಲ್ಲಿಯೂ ಅಲ್ಲ, ಶಾಸನ ಸಂಪುಟದ ಪುಟದಲ್ಲಿಯೂ ಅಲ್ಲ. ಕೈಯಲ್ಲಿರುವ ಫೋನಿನ ತೆರೆಯ ಮೇಲೆ. ಅಲ್ಲಿ ಕಂಡ ತೇದಿಯೇ ಅವರ ಪ್ರಬಂಧಕ್ಕೆ ಇಳಿಯುತ್ತದೆ. ಅಲ್ಲಿ ಕಾಣದ ಶಾಸನ ಅವರ ಪಾಲಿಗೆ ಇಲ್ಲವೇ ಇಲ್ಲ. ಆದುದರಿಂದ ಆ ಪುಟವನ್ನು ಕಟ್ಟುವವರು ಯಾರು, ಅವರು ಹೇಗೆ ಕೂಡಿ ದುಡಿಯುತ್ತಾರೆ ಎಂಬ ಪ್ರಶ್ನೆ ಕೇವಲ ಯಂತ್ರವಿದ್ಯೆಯದಲ್ಲ. ಆಕರವಿಮರ್ಶೆಯ ಒಂದು ಭಾಗವೇ ಆಗಿದೆ.

ಜಾಲತಾಣಗಳಲ್ಲಿ ಎರಡು ಬಗೆ. ಒಮ್ಮೆ ಬರೆದಿಟ್ಟ ಪುಟವನ್ನೇ ಬಂದವರಿಗೆಲ್ಲ ತೋರಿಸುವುದು ಒಂದು. ಓದುಗನು ಕೇಳಿದ ಪ್ರಶ್ನೆಗೆ ತಕ್ಕಂತೆ ದತ್ತಾಂಶಕೋಶದಿಂದ ವಿಷಯವನ್ನು ಆರಿಸಿ, ಸಿದ್ಧವಿರುವ ಚೌಕಟ್ಟಿನಲ್ಲಿ ಕೂಡಿಸಿ, ಆ ಕ್ಷಣಕ್ಕೆ ಪುಟವನ್ನು ರಚಿಸಿಕೊಡುವುದು ಇನ್ನೊಂದು. ಇದನ್ನೇ ಡೈನಮಿಕ್ ಜಾಲತಾಣವೆನ್ನುತ್ತಾರೆ. ಇದರಲ್ಲಿ ದತ್ತಾಂಶವನ್ನು ವಿಂಗಡಿಸಿ, ಹುಡುಕಿ, ಪುಟಕ್ಕೆ ಒದಗಿಸುವ ಸೂಚನೆಗಳನ್ನು ಬರೆಯುವವನು ಪ್ರೋಗ್ರಾಮರ್. ಅಕ್ಷರ, ಅಳತೆ, ಬಣ್ಣ, ಸ್ಥಾನ ಇವುಗಳನ್ನು ಗೊತ್ತುಮಾಡಿ, ಓದುಗನ ಕಣ್ಣು ಎಲ್ಲಿಂದ ಎಲ್ಲಿಗೆ ಸಾಗಬೇಕೆಂಬುದನ್ನು ನಿಶ್ಚಯಿಸುವವನು ವಿನ್ಯಾಸಕಾರ. ಮೊದಲ ಬಗೆಯ ತಾಣದಲ್ಲಿ ಇಬ್ಬರೂ ಒಂದೇ ಪುಟವನ್ನು ಎದುರಿಗಿಟ್ಟುಕೊಂಡು ಮಾತನಾಡಬಹುದು. ಎರಡನೆಯದರಲ್ಲಿ ಪುಟವೆಂಬುದು ಮುಂಚಿತವಾಗಿ ಇರುವುದೇ ಇಲ್ಲ. ವಿನ್ಯಾಸಕಾರನು ತಾನು ಕಾಣದ ವಿಷಯಕ್ಕೆ ಮನೆ ಕಟ್ಟುತ್ತಾನೆ; ಪ್ರೋಗ್ರಾಮರನು ತಾನು ಕಾಣದ ಮನೆಗೆ ಅತಿಥಿಗಳನ್ನು ಕಳುಹಿಸುತ್ತಾನೆ. ವೈಮನಸ್ಯದ ಮೂಲ ಇಲ್ಲಿದೆ.

ಕೆಲವು ಕಾಲದ ಹಿಂದೆ ನಾವೂ ನಮ್ಮ ಸಹೋದ್ಯೋಗಿಗಳು ಕೆಲವರೂ ಸೇರಿ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಊರುಗಳ ಇತಿಹಾಸದ ಆಕರಗಳನ್ನು ವಿದ್ಯಾರ್ಥಿಗಳಿಗೆ ಒದಗಿಸುವ ಒಂದು ಚಿಕ್ಕ ತಾಣವನ್ನು ಮಾಡಿಸಿದೆವು. ಪ್ರೋಗ್ರಾಮರ್ ದಕ್ಷನಾಗಿದ್ದನು, ವಿನ್ಯಾಸಕಾರಳು ಅಭಿರುಚಿಯುಳ್ಳವಳು. ಆದರೂ ತಾಣವು ಸೋತಿತು. ಆ ಸೋಲಿನ ಕಾರಣಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಈ ಎರಡು ಕೆಲಸಗಳ ಸಂಬಂಧವನ್ನು ಕುರಿತು ಮೂರು ಅಭಿಪ್ರಾಯಗಳು ಬಳಕೆಯಲ್ಲಿವೆ. ಒಂದೊಂದನ್ನೂ ಪರೀಕ್ಷಿಸಿ ನೋಡೋಣ.

ವಿನ್ಯಾಸವೆಂದರೆ ಅಲಂಕಾರ, ಪ್ರೋಗ್ರಾಮರನ ಕೆಲಸ ಮುಗಿದ ಮೇಲೆ ಹಚ್ಚುವ ಸುಣ್ಣಬಣ್ಣ ಎಂಬುದು ಮೊದಲನೆಯ ಅಭಿಪ್ರಾಯ. ಇದು ಬಹುಜನರದು, ಹಣ ಕೊಟ್ಟು ತಾಣ ಮಾಡಿಸುವವರದಂತೂ ಹೌದು. ಆದರೆ ಶಾಸನದ ಪಾಠ ಮುಂದೆ ಬರಬೇಕೆ, ಸಾರಾಂಶ ಮುಂದೆ ಬರಬೇಕೆ. ತೇದಿ ಸಂದೇಹಾಸ್ಪದವಾಗಿದ್ದರೆ ಆ ಸಂದೇಹ ತೇದಿಯ ಪಕ್ಕದಲ್ಲಿಯೇ ಕಾಣಬೇಕೆ ಅಥವಾ ಪುಟದ ಅಡಿಯಲ್ಲಿ ಅಡಗಬೇಕೆ, ಇವು ಅಲಂಕಾರದ ಪ್ರಶ್ನೆಗಳಲ್ಲ, ಅರ್ಥದ ಪ್ರಶ್ನೆಗಳು. ಇವನ್ನು ಕೊನೆಗೆ ಕೇಳಿದರೆ ಉತ್ತರಿಸಲು ಅವಕಾಶವೇ ಉಳಿದಿರುವುದಿಲ್ಲ.

ಇಬ್ಬರನ್ನೂ ಸಂಪೂರ್ಣವಾಗಿ ಬೇರ್ಪಡಿಸಬೇಕೆಂಬುದು ಎರಡನೆಯ ಅಭಿಪ್ರಾಯ. ಇದಕ್ಕೆ ಗೌರವಾರ್ಹವಾದ ಪರಂಪರೆಯಿದೆ. ದತ್ತಾಂಶದ ರೂಪ, ಅದರ ತೋರಿಕೆ, ಇವೆರಡರ ನಡುವಣ ನಿಯಂತ್ರಣ ಇವು ಮೂರೂ ಬೇರೆಬೇರೆಯಾಗಿರಬೇಕೆಂಬ ತತ್ತ್ವವನ್ನು ಟ್ರಿಗ್ವೆ ರೀನ್ಸ್ಕಾಗ್ ೧೯೭೯ರಲ್ಲಿಯೇ ಮಂಡಿಸಿದನು. ಜಾಲಪುಟದ ವಿಷಯವೂ ಅದರ ಉಡುಪೂ ಒಂದಾಗಿರಬಾರದೆಂದು ಹೊಕೊನ್ ವಿಯುಮ್ ಲೀ ೧೯೯೪ರಲ್ಲಿ ಮಾಡಿದ ಸೂಚನೆ ೧೯೯೬ರಲ್ಲಿ ಸಿಎಸ್‌ಎಸ್ ಎಂಬ ನಿಯಮವಾಗಿ ಸ್ಥಿರಪಟ್ಟಿತು. ಇವುಗಳ ಉಪಕಾರ ದೊಡ್ಡದು. ಆದರೆ ಕೆಲಸಗಳು ಬೇರೆಯಾಗಿರಬೇಕೆಂಬುದರಿಂದ ಕೆಲಸಗಾರರು ಒಬ್ಬರನ್ನೊಬ್ಬರು ಅರಿಯಬೇಕಾಗಿಲ್ಲವೆಂದು ಸಿದ್ಧಿಸುವುದಿಲ್ಲ. ಗೋಡೆ ಕಟ್ಟುವವರು ಬಾಗಿಲು ಎಲ್ಲಿರಬೇಕೆಂದು ಮೊದಲೇ ಕೂತು ಗೊತ್ತುಮಾಡಬೇಕಲ್ಲವೆ?

ಎರಡು ಕೆಲಸಗಳನ್ನೂ ಬಲ್ಲ ಒಬ್ಬನೇ ಸಾಕೆಂಬುದು ಮೂರನೆಯ ಅಭಿಪ್ರಾಯ. ನಮ್ಮ ಶಾಸನಗಳಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ತಾಳಗುಂದದ ಸ್ತಂಭಶಾಸನವನ್ನು ರಚಿಸಿದ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಶಿಲೆಯ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಆದರೆ ಇದು ಹೇಳಿಕೊಳ್ಳುವಷ್ಟು ವಿಶೇಷವಾಗಿತ್ತೆಂಬುದನ್ನೂ ಗಮನಿಸತಕ್ಕದ್ದು. ಶ್ರವಣಬೆಳಗೊಳದಲ್ಲಿರುವ, ಶಕ ೧೦೫೦ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಬರೆದವನು ಮಲ್ಲಿನಾಥ, ಕಂಡರಿಸಿದವನು ರೂವಾರಿ ಗಂಗಾಚಾರಿ. ಇಬ್ಬರ ಹೆಸರೂ ಕಲ್ಲಿನ ಮೇಲಿದೆ. ಕೆಲಸ ಬೆಳೆದಂತೆ ಕೈಗಳು ಹೆಚ್ಚುತ್ತವೆ. ಚಿಕ್ಕ ತಾಣಕ್ಕೆ ಕುಬ್ಜನೊಬ್ಬ ಸಾಲಬಹುದು; ಬಹುಕಾಲ ನಿಂತು ಬೆಳೆಯಬೇಕಾದ ತಾಣಕ್ಕೆ ಮಲ್ಲಿನಾಥನೂ ಬೇಕು, ಗಂಗಾಚಾರಿಯೂ ಬೇಕು.

ಈ ಮೂರು ಅಭಿಪ್ರಾಯಗಳಿಗೂ ಸಮಾನವಾದ ದೋಷವೊಂದಿದೆ. ಇವು ಯಾರು ಮೊದಲು, ಯಾರು ಅನಂತರ, ಯಾರ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಮಾತ್ರ ಚರ್ಚಿಸುತ್ತವೆ. ಇಬ್ಬರ ಮುಂದೆಯೂ ಇರಬೇಕಾದ ವಸ್ತು ಯಾವುದೆಂದು ಕೇಳುವುದಿಲ್ಲ. ವಿಷಯದಲ್ಲಿ ಅತ್ಯಂತ ತೊಡಕಾದ ದಾಖಲೆ ಯಾವುದೋ ಅದನ್ನು ಇಬ್ಬರೂ ಮೊದಲ ದಿನವೇ ಕೂಡಿ ಓದಬೇಕು, ಅಲ್ಲಿಂದಲೇ ಕೆಲಸ ಆರಂಭವಾಗಬೇಕು ಎಂಬುದು ನಮ್ಮ ಪಕ್ಷ. ನಮ್ಮ ತಾಣದಲ್ಲಿ ಆರಂಭವಾದದ್ದು ಅತ್ಯಂತ ಸುಲಭವಾದ ದಾಖಲೆಯಿಂದ.

೩

ಊರುಗಳ ಹೆಸರುಗಳನ್ನೇ ತೆಗೆದುಕೊಳ್ಳೋಣ. ವಿನ್ಯಾಸಕಾರಳು ಮಾದರಿ ಪುಟವನ್ನು ‘ಗದಗ’ ಎಂಬ ಹೆಸರನ್ನಿಟ್ಟು ರಚಿಸಿದಳು. ಮೂರು ಅಕ್ಷರ, ಒಂದಕ್ಕೂ ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ. ಪುಟವು ಸುಂದರವಾಗಿಯೇ ಕಂಡಿತು. ಅದೇ ಚೌಕಟ್ಟಿನಲ್ಲಿ ‘ಲಕ್ಷ್ಮೇಶ್ವರ’ ಬಂದಾಗ ಕಕಾರದ ಕೆಳಗೆ ಷಕಾರ ಮಕಾರಗಳೆರಡೂ ಒತ್ತಾಗಿ ಇಳಿದು, ಸಾಲಿನ ಎತ್ತರ ಸಾಲದೆ, ಕೆಳಗಿನ ಒತ್ತು ಅರ್ಧ ಕತ್ತರಿಸಿಹೋಯಿತು. ರೋಮನ್ ಲಿಪಿಗೆ ಸಾಕಾಗುವ ಸಾಲಿನೆತ್ತರ ಕನ್ನಡಕ್ಕೆ ಸಾಲದೆಂಬುದು ಕನ್ನಡ ಮೊಳೆ ಜೋಡಿಸುತ್ತಿದ್ದವರಿಗೆಲ್ಲ ತಿಳಿದಿದ್ದ ಸಂಗತಿ. ಮುದ್ರಣಾಲಯಗಳಿಗೆ ಹೆಸರಾದ ಗದಗಿನಲ್ಲಿ ಇದನ್ನು ಕೇಳಿ ತಿಳಿಯುವುದು ಕಷ್ಟವಿರಲಿಲ್ಲ, ನಾವೇ ಕೇಳಲಿಲ್ಲ. ಮೊದಲ ಮಾದರಿಯೇ ‘ಲಕ್ಷ್ಮೇಶ್ವರ’ವಾಗಿದ್ದರೆ ಈ ದೋಷ ಹುಟ್ಟುತ್ತಲೇ ಇರಲಿಲ್ಲ.

‘ಗದಗ-ಬೆಟಗೇರಿ’ ಎಂಬ ಹೆಸರು ಪ್ರೋಗ್ರಾಮರನನ್ನು ಬಾಧಿಸಿತು. ನಡುವಣ ಗೆರೆಯನ್ನು ಕಂಡು ಅವನು ಇವನ್ನು ಎರಡು ಊರುಗಳೆಂದು ಎಣಿಸಿದನು. ವಿನ್ಯಾಸಕಾರಳು ಒಂದೇ ಊರೆಂದು ಒಂದೇ ಶೀರ್ಷಿಕೆಯಿಟ್ಟಳು. ಇಬ್ಬರ ಮಾತೂ ಒಂದೊಂದು ದೃಷ್ಟಿಯಿಂದ ಸರಿಯೇ. ನಗರಸಭೆ ಒಂದು, ಇತಿಹಾಸ ಎರಡು. ತ್ರಿಕೂಟೇಶ್ವರನ ಗದಗವೂ ನೇಕಾರರ ಬೆಟಗೇರಿಯೂ ಆಡಳಿತದಲ್ಲಿ ಒಂದಾಗಿದ್ದರೂ ಆಕರಗಳಲ್ಲಿ ಬೇರೆ. ಈ ತೀರ್ಮಾನ ಅವರಿಬ್ಬರದೂ ಅಲ್ಲ. ವಿಷಯವನ್ನು ಬಲ್ಲ ಮೂರನೆಯವರದು, ಎಂದರೆ ನಮ್ಮದು. ನಾವು ಆ ಸಭೆಯಲ್ಲಿ ಇರಲಿಲ್ಲ.

‘ಮುಂಡರಗಿ’ಯನ್ನು ಕೆಲವರು ‘ಮುಂಡರ್ಗಿ’ ಎಂದು ಬರೆಯುತ್ತಾರೆ. ಯಂತ್ರಕ್ಕೆ ಇವೆರಡೂ ಬೇರೆ ಊರುಗಳು. ೧೮೫೮ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯನನ್ನು ಹುಡುಕುವವನಿಗೆ ಇನ್ನೂ ಒಂದು ತೊಡಕು: ಅವನ ಹೆಸರಿನಲ್ಲಿರುವ ಊರು ಮುಂಡರಗಿ, ಅವನು ಹೋರಾಡಿ ಮಡಿದದ್ದು ಕೊಪ್ಪಳದ ಕೋಟೆಯಲ್ಲಿ. ಒಂದು ಘಟನೆಗೆ ಒಂದೇ ಸ್ಥಳವೆಂದು ಕೋಷ್ಟಕ ಮಾಡಿದರೆ ಇತಿಹಾಸ ಅದರಲ್ಲಿ ಹಿಡಿಸುವುದಿಲ್ಲ.

ಲಕ್ಷ್ಮೇಶ್ವರದ ಪ್ರಾಚೀನ ನಾಮಗಳದು ಇದಕ್ಕಿಂತಲೂ ದೊಡ್ಡ ಪ್ರಶ್ನೆ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಹೇಳುವಾಗ ಹೆಸರಿಸುವ ಪುಲಿಗೆರೆ ಇದೇ. ಶಾಸನಗಳಲ್ಲಿ ಇದು ಪೊರಿಗೆರೆ, ಪುರಿಗೆರೆ, ಹುಲಿಗೆರೆ; ಸಂಸ್ಕೃತ ಪಾಠಗಳಲ್ಲಿ ಪುಲಿಕರನಗರ. ಗದಗವೂ ಹೊಯ್ಸಳ ವೀರಬಲ್ಲಾಳನ ಶಕ ೧೧೧೪ರ, ಎಂದರೆ ಕ್ರಿ.ಶ. ೧೧೯೨ರ, ಶಾಸನದಲ್ಲಿ ಕ್ರತುಕವೆಂದು ಕರೆಯಲ್ಪಟ್ಟಿದೆ. ನಮ್ಮ ತಾಣದಲ್ಲಿ ‘ಪುಲಿಗೆರೆ’ ಎಂದು ಹುಡುಕಿದ ವಿದ್ಯಾರ್ಥಿಗೆ ‘ಏನೂ ದೊರೆಯಲಿಲ್ಲ’ ಎಂಬ ಉತ್ತರ ಬಂದಿತು. ಏನೂ ಇಲ್ಲವೆಂದೇ ಅವನು ನಂಬಿದನು. ಹೆಸರುಗಳ ಪರ್ಯಾಯಪಟ್ಟಿಯನ್ನು ದತ್ತಾಂಶಕೋಶದಲ್ಲಿ ಇಡುವುದು ಪ್ರೋಗ್ರಾಮರನ ಕೆಲಸ. ‘ದೊರೆಯಲಿಲ್ಲ’ ಎನ್ನುವ ಬದಲು ‘ಈ ಊರಿಗೆ ಈ ಹೆಸರುಗಳೂ ಉಂಟು’ ಎಂದು ಪುಟದಲ್ಲಿ ದಾರಿ ತೋರುವುದು ವಿನ್ಯಾಸಕಾರಳ ಕೆಲಸ. ಒಂದಿಲ್ಲದೆ ಇನ್ನೊಂದು ವ್ಯರ್ಥ.

ಅಕ್ಷರಗಳ ವಿಷಯದಲ್ಲಿಯೂ ಒಂದು ಮಾತು. ಹಳಗನ್ನಡದ ಱ, ೞ ಅಕ್ಷರಗಳಿಲ್ಲದೆ ಶಾಸನಪಾಠವಿಲ್ಲ. ಯೂನಿಕೋಡ್ ವ್ಯವಸ್ಥೆಯಲ್ಲಿ ಎರಡಕ್ಕೂ ಸ್ಥಾನವಿದೆ. ಆದರೆ ೞಕಾರಕ್ಕೆ ಅಲ್ಲಿ ಇಟ್ಟ ಹೆಸರು ‘ಫಕಾರ’ ಎಂಬ ಅರ್ಥ ಬರುವಂಥದು! ಅಂಗೀಕೃತವಾದ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮವಾದುದರಿಂದ, ತಪ್ಪು ತಿಳಿದ ಮೇಲೂ ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಉಪನಾಮವೊಂದು ಸೇರಿತು. ಅದರ ಸಂಕೇತಸ್ಥಾನವೂ ಹಕಾರದಿಂದಾಚೆಗಿದೆ. ಸಂಕೇತಕ್ರಮದಲ್ಲಿಯೇ ಅಕಾರಾದಿ ಮಾಡಿದ ನಮ್ಮ ಪದಸೂಚಿಯಲ್ಲಿ ೞಕಾರದ ಪದಗಳೆಲ್ಲ ತುದಿಗೆ ಹೋಗಿ ಕೂತವು. ಯಂತ್ರವನ್ನು ಬಲ್ಲವರೂ ಲಿಪಿಯನ್ನು ಬಲ್ಲವರೂ ತಕ್ಕ ಕಾಲದಲ್ಲಿ ಒಂದೆಡೆ ಕೂಡದಿದ್ದರೆ ತಪ್ಪು ಎಷ್ಟು ಸ್ಥಿರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೪

ಹೆಸರಿನ ತಪ್ಪು ಕಣ್ಣಿಗೆ ಬೀಳುತ್ತದೆ. ತೇದಿಯ ತಪ್ಪು ಬೀಳುವುದಿಲ್ಲ; ಅದೇ ಹೆಚ್ಚು ಅಪಾಯಕಾರಿ.

ಲಕ್ಷ್ಮೇಶ್ವರದ ಶಂಖಬಸದಿಗೆ ಸಂಬಂಧಿಸಿದ ಶಿಲೆಯೊಂದರ ಮೇಲೆ ಹಲವು ದಾನಪಾಠಗಳು ಒಟ್ಟಿಗೆ ಕೆತ್ತಲ್ಪಟ್ಟಿವೆ. ಅವುಗಳಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನದೆಂದು ಹೇಳುವ ಪಾಠಕ್ಕೆ ಶಕ ೬೫೬ರ ತೇದಿಯಿದೆ; ಗಂಗ ಮಾರಸಿಂಹನದಕ್ಕೆ ಶಕ ೮೯೦. ಆದರೆ ಹಳೆಯ ತೇದಿಯ ಪಾಠಗಳ ಲಿಪಿಯೂ ಆ ತೇದಿಗಿಂತ ಬಹಳ ಈಚಿನದೆಂದು ಫ್ಲೀಟರು ತೋರಿಸಿದರು. ಇವು ಹಳೆಯ ದಾನಪತ್ರಗಳ ನಿಜವಾದ ಪ್ರತಿಗಳೋ, ಹಕ್ಕು ಸ್ಥಾಪನೆಗಾಗಿ ಅನಂತರ ರಚಿಸಿದವೋ ಎಂಬುದು ವಿದ್ವಾಂಸರಲ್ಲಿ ಚರ್ಚೆಗೆ ಗುರಿಯಾದ ವಿಷಯ. ಅಂತೂ ಇಲ್ಲಿ ತೇದಿ ಒಂದಲ್ಲ, ಎರಡು: ಪಾಠವು ಹೇಳುವ ಕಾಲ, ಅಕ್ಷರವು ತೋರುವ ಕಾಲ.

ನಮ್ಮ ಪ್ರೋಗ್ರಾಮರನ ಕೋಷ್ಟಕದಲ್ಲಿ ತೇದಿಗೆ ಇದ್ದುದು ಒಂದೇ ಅಂಕಣ; ಅದೂ ಅಂಕಿಯನ್ನು ಮಾತ್ರ ಒಪ್ಪುವಂಥದು. ಶಕವರ್ಷಕ್ಕೆ ೭೮ನ್ನು ಕೂಡಿಸಿ ಕ್ರಿಸ್ತವರ್ಷ ಮಾಡುವ ಸೂಚನೆಯನ್ನೂ ಅವನು ಬರೆದಿದ್ದನು. ಪುಷ್ಯದಿಂದ ಫಾಲ್ಗುಣದವರೆಗಿನ ತೇದಿಗಳಲ್ಲಿ ಸಾಮಾನ್ಯವಾಗಿ ೭೯ನ್ನು ಕೂಡಿಸಬೇಕಾಗುವುದೂ, ಗತವರ್ಷ ವರ್ತಮಾನವರ್ಷಗಳ ಭೇದವೂ ಅವನಿಗೆ ಯಾರೂ ಹೇಳಿರಲಿಲ್ಲ. ವಿನ್ಯಾಸಕಾರಳು ಆ ಅಂಕಿಯನ್ನು ಪುಟದ ನೆತ್ತಿಯಲ್ಲಿ ದಪ್ಪಕ್ಷರದಲ್ಲಿರಿಸಿದಳು. ಪರಿಣಾಮವಾಗಿ ‘ಕ್ರಿ.ಶ. ೭೩೪’ ಎಂಬ ತೇದಿ ಯಾವ ಸಂಶಯಕ್ಕೂ ಎಡೆಗೊಡದಂತೆ ಪುಟದ ಮೇಲೆ ನಿಂತಿತು. ಆ ವರ್ಷದ ವಿದ್ಯಾರ್ಥಿ ಪ್ರಬಂಧಗಳು ಕೆಲವು ಆ ಲಿಪಿಯನ್ನೇ ಎಂಟನೆಯ ಶತಮಾನದ ಲಿಪಿಗೆ ಉದಾಹರಣೆಯಾಗಿ ಕೊಟ್ಟವು. ಸಂಶಯವನ್ನು ಶೇಖರಿಸಲು ಒಬ್ಬನು ಸ್ಥಳವಿಡಲಿಲ್ಲ. ಸಂಶಯವನ್ನು ತೋರಿಸಲು ಇನ್ನೊಬ್ಬಳು ಸ್ಥಳವಿಡಲಿಲ್ಲ. ಇಬ್ಬರ ಕೆಲಸವೂ ಬಿಡಿಯಾಗಿ ನೋಡಿದರೆ ನಿರ್ದೋಷ, ಕೂಡಿದಾಗ ಅಸತ್ಯ.

ಅದೇ ಊರಿನ ಇನ್ನೊಂದು ಅಮೂಲ್ಯ ದಾಖಲೆ ಯುವರಾಜ ವಿಕ್ರಮಾದಿತ್ಯನ ವ್ಯವಸ್ಥಾಶಾಸನ. ಪೊರಿಗೆರೆಯ ಮಹಾಜನ, ನಗರ, ಪ್ರಕೃತಿಗಳ ಹಕ್ಕುಬಾಧ್ಯತೆಗಳನ್ನು ವಿಧಿಸುವ ಈ ಶಾಸನವು ಕಂಚುಗಾರರ ಶ್ರೇಣಿಯನ್ನೂ ಹೆಸರಿಸುತ್ತದೆ. ಇದನ್ನು ಸುಮಾರು ಕ್ರಿ.ಶ. ೭೨೫ರದೆಂದು ಗ್ರಹಿಸುತ್ತಾರೆ. ಆ ‘ಸುಮಾರು’ ಎಂಬ ಮಾತನ್ನು ನಮ್ಮ ಕೋಷ್ಟಕ ಸ್ವೀಕರಿಸಲಿಲ್ಲ. ಇತಿಹಾಸಕಾರನಿಗೆ ಅಂಕಿಗಿಂತಲೂ ಮುಖ್ಯವಾದ ಮಾತು ಅದು.

ಕಾಲದೊಡನೆ ಆಡಳಿತವೂ ಬದಲಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಗದಗವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು; ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೆ; ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೆ. ಸಂಸ್ಥಾನಗಳು ೧೯೪೮ರಲ್ಲಿ ವಿಲೀನವಾದವು. ೧೯೫೬ರಲ್ಲಿ ಈ ಊರುಗಳೆಲ್ಲ ವಿಶಾಲ ಮೈಸೂರು ರಾಜ್ಯಕ್ಕೆ ಬಂದವು. ೧೯೭೩ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ೧೯೯೭ರಲ್ಲಿ ಗದಗ ಜಿಲ್ಲೆ ರಚಿತವಾಯಿತು. ಶಿರಹಟ್ಟಿ ತಾಲೂಕಿನಲ್ಲಿದ್ದ ಲಕ್ಷ್ಮೇಶ್ವರ ಈಚೆಗೆ ಪ್ರತ್ಯೇಕ ತಾಲೂಕಾಗಿದೆ. ನಮ್ಮ ತಾಣದಲ್ಲಿ ಪ್ರತಿಯೊಂದು ದಾಖಲೆಯ ಕೆಳಗೂ ‘ಗದಗ ಜಿಲ್ಲೆ’ ಎಂದೇ ಅಚ್ಚಾಗುತ್ತಿತ್ತು, ೧೯೩೦ರ ದಾಖಲೆಯ ಕೆಳಗೂ ಸಹ. ಡೈನಮಿಕ್ ಎಂಬ ಮಾತಿಗೆ ನಿಜವಾದ ಅರ್ಥ ಬರಬೇಕಾದದ್ದು ಇಲ್ಲಿ: ದಾಖಲೆಯ ವರ್ಷವನ್ನು ನೋಡಿ ಆಡಳಿತದ ಹೆಸರು ಬದಲಾಗಬೇಕಾಗಿತ್ತು. ಇದು ಯಂತ್ರಕ್ಕೆ ದುಸ್ಸಾಧ್ಯವಾದುದಲ್ಲ. ಕೇಳಿದ್ದರೆ ಒಂದು ದಿನದ ಕೆಲಸ.

೫

ದೋಷಗಳನ್ನು ಮಾತ್ರ ಎಣಿಸುವುದು ವಿಮರ್ಶೆಯಲ್ಲ. ಕೂಡಿದ ಕೆಲಸ ಫಲಿಸಿದ ಸ್ಥಳಗಳೂ ಉಂಟು.

ಶಿರಹಟ್ಟಿ ಮುಂಡರಗಿಗಳ ರೈತನಿಗೆ ಪರಿಚಿತವಾದ ಡೈನಮಿಕ್ ಪುಟವೆಂದರೆ ಪಹಣಿ. ‘ಭೂಮಿ’ ಯೋಜನೆಯ ಮೂಲಕ ಭೂದಾಖಲೆಗಳು ಗಣಕಕ್ಕೆ ಸೇರಿದ ಮೇಲೆ, ಸರ್ವೆ ನಂಬರನ್ನು ಕೊಟ್ಟರೆ ಪುಟ ಆಗಲೇ ಕೂಡಿಕೊಂಡು ಬರುತ್ತದೆ. ಆದರೆ ಅದರ ರೂಪ ಹೊಸದಲ್ಲ. ಒಂಬತ್ತನೆಯ ಕಲಮಿನಲ್ಲಿ ಮಾಲೀಕನ ಹೆಸರು, ಹನ್ನೊಂದನೆಯದರಲ್ಲಿ ಇತರ ಹಕ್ಕುಗಳೂ ಋಣಗಳೂ, ಹನ್ನೆರಡನೆಯದರಲ್ಲಿ ಸಾಗುವಳಿಯ ವಿವರ. ಓದು ಬಾರದ ರೈತನೂ ‘ಹನ್ನೊಂದರಾಗ ಬ್ಯಾಂಕಿನ ಸಾಲ ಕೂತೈತಿ’ ಎಂದು ಹೇಳಬಲ್ಲನು. ಇಲ್ಲಿ ದತ್ತಾಂಶದ ವಿಂಗಡಣೆಯೂ ಪುಟದ ವಿನ್ಯಾಸವೂ ಹೊಂದಿಕೊಂಡಿರುವುದು ಏಕೆಂದರೆ, ಎರಡಕ್ಕೂ ಮುಂಚೆಯೇ ಬಳಕೆಯಲ್ಲಿ ಸವೆದು ಸ್ಥಿರವಾದ ನಮೂನೆಯೊಂದು ಎದುರಿಗಿತ್ತು. ಇದರ ಮಿತಿಯನ್ನೂ ಹೇಳಬೇಕು: ಅಗಲವಾದ ಕಾಗದಕ್ಕೆಂದು ಹುಟ್ಟಿದ ಕೋಷ್ಟಕ ಫೋನಿನ ಕಿರಿದಾದ ತೆರೆಯಲ್ಲಿ ಸುಲಭವಾಗಿ ಓದಿಸಿಕೊಳ್ಳದು. ತೆರೆಯ ಅಗಲಕ್ಕೆ ತಕ್ಕಂತೆ ಪುಟವು ತಾನೇ ಹೊಂದಿಕೊಳ್ಳಬೇಕೆಂದು ಈಥನ್ ಮಾರ್ಕಾಟ್ ೨೦೧೦ರಲ್ಲಿ ಪ್ರತಿಪಾದಿಸಿದ ತತ್ತ್ವ ಇಂಥ ಕಡೆಯೇ ಬೇಕಾದದ್ದು.

‘ವಚನ ಸಂಚಯ’ ಇನ್ನೊಂದು ನಿದರ್ಶನ. ಒಂದು ಪದವನ್ನು ಕೊಟ್ಟರೆ ಅದು ಬಂದಿರುವ ವಚನಗಳನ್ನು ತೆಗೆದು ಕೊಡುವ ಈ ತಾಣದಲ್ಲಿ ಸಾಹಿತ್ಯವನ್ನು ಬಲ್ಲವರೂ ಯಂತ್ರವನ್ನು ಬಲ್ಲವರೂ ಜೊತೆಗೂಡಿದ್ದಾರೆ. ಪದವೇ ಸಂಶೋಧಕನ ಬೇಡಿಕೆಯೆಂಬುದು ಮೊದಲೇ ಸ್ಪಷ್ಟವಾಗಿದ್ದುದರಿಂದ ಹುಡುಕಾಟವೇ ತಾಣದ ಬಾಗಿಲಾಗಿದೆ. ಪ್ರಶ್ನೆ ಸ್ಪಷ್ಟವಾಗಿದ್ದಲ್ಲಿ ಕೈಗಳು ಜಗಳವಾಡುವುದು ಕಡಿಮೆ.

೬

ಮೇಲಿನ ವಿಚಾರದಿಂದ ಕೆಲವು ಕಾರ್ಯಕ್ರಮಗಳು ಸಿದ್ಧಿಸುತ್ತವೆ.

ಮೊದಲನೆಯದಾಗಿ, ಪ್ರೋಗ್ರಾಮರ್, ವಿನ್ಯಾಸಕಾರ, ವಿಷಯತಜ್ಞ ಈ ಮೂವರೂ ಮೊದಲ ಸಭೆಯಲ್ಲಿ ಹತ್ತು ದಾಖಲೆಗಳನ್ನು ಕೂಡಿ ಓದತಕ್ಕದ್ದು. ಅವು ಅತ್ಯಂತ ಉದ್ದವಾದದ್ದು, ಅತ್ಯಂತ ತ್ರುಟಿತವಾದದ್ದು, ಎರಡು ತೇದಿಯದು, ತೇದಿಯೇ ಇಲ್ಲದ್ದು, ಹೆಸರು ಬದಲಾದದ್ದು ಇಂಥವಾಗಿರಬೇಕು. ಎರಡನೆಯದಾಗಿ, ಅಂಕಣಗಳ ಹೆಸರು, ಪ್ರತಿಯೊಂದರ ಅರ್ಥ, ಅದು ಖಾಲಿಯಿರಬಹುದೆ ಇಲ್ಲವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೂವರೂ ಒಪ್ಪತಕ್ಕದ್ದು. ಮುಂದೆ ಇದನ್ನು ಒಬ್ಬರೇ ತಿದ್ದಬಾರದು. ಮೂರನೆಯದಾಗಿ, ಪುಟವು ತುಂಬಿದಾಗ ಹೇಗೆ ಕಾಣುವುದೆಂಬುದಷ್ಟೇ ಅಲ್ಲದೆ, ಏನೂ ದೊರೆಯದಾಗ, ಸಾವಿರ ದೊರೆತಾಗ, ಅರ್ಧ ಮಾತ್ರ ತಿಳಿದಾಗ ಹೇಗೆ ಕಾಣುವುದೆಂಬುದನ್ನೂ ವಿನ್ಯಾಸಕಾರನು ಬರೆದು ತೋರಿಸತಕ್ಕದ್ದು. ನಾಲ್ಕನೆಯದಾಗಿ, ಗ್ಯಾಲಿ ಪ್ರೂಫನ್ನು ನೋಡದೆ ಮುದ್ರಣಾಲಯವು ಪುಸ್ತಕವನ್ನು ಅಚ್ಚಿಗೆ ಹಾಕದಂತೆ, ನಿಜವಾದ ದತ್ತಾಂಶ ತುಂಬಿದ ಪುಟವನ್ನು ಅಗ್ಗದ ಫೋನಿನಲ್ಲಿ ತೆರೆದು ನೋಡದೆ ತಾಣವನ್ನು ಪ್ರಕಟಿಸಬಾರದು.

ಇಷ್ಟರಿಂದ ಎಲ್ಲ ಭಿನ್ನಾಭಿಪ್ರಾಯವೂ ಅಳಿಯುವುದೆಂದು ನಾವು ಹೇಳುವುದಿಲ್ಲ. ಸಭೆಗಳಿಂದ ಕಾಲವ್ಯಯವಾಗುವುದೆಂಬ ಆಕ್ಷೇಪವೂ ಉಂಟು, ಅದು ನಿಜ. ಆದರೆ ನಮ್ಮ ತಾಣವನ್ನು ಎರಡನೆಯ ಸಲ ಕಟ್ಟಲು ಹಿಡಿದ ಕಾಲ ಮೊದಲನೆಯದಕ್ಕಿಂತ ಹೆಚ್ಚು. ಪ್ರಬಂಧಗಳಲ್ಲಿ ಸೇರಿಹೋದ ತಪ್ಪು ತೇದಿಗಳನ್ನು ಹಿಂದಕ್ಕೆ ಕರೆಯುವುದಂತೂ ಸಾಧ್ಯವಾಗಲಿಲ್ಲ.

ಕಡೆಯದಾಗಿ ನಮ್ಮದೇ ಅಪರಾಧವನ್ನು ಒಪ್ಪಿಕೊಳ್ಳುವುದು ನ್ಯಾಯ. ನಾವು ಹಸ್ತಪ್ರತಿಯನ್ನು ತಡವಾಗಿ, ಅದೂ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಒಪ್ಪಿಸಿ, ಉಳಿದುದನ್ನು ‘ತಾಂತ್ರಿಕ’ವೆಂದು ಕೈತೊಳೆದುಕೊಂಡೆವು. ಪ್ರೋಗ್ರಾಮರನೂ ವಿನ್ಯಾಸಕಾರಳೂ ಒಬ್ಬರನ್ನೊಬ್ಬರು ದೂರಿದರು. ದೂರಿಗೆ ಮೊದಲು ಪಾತ್ರರಾಗಬೇಕಾದವರು ನಾವು. ಇಬ್ಬರು ಕರ್ಮಿಗಳ ನಡುವೆ ಅರ್ಥವು ಕಳೆದುಹೋದಲ್ಲೆಲ್ಲ, ಅರ್ಥವನ್ನು ಕಾಯಬೇಕಾದ ಮೂರನೆಯವರು ಎಲ್ಲಿದ್ದರೆಂದು ಕೇಳುವುದು ವಿಹಿತ. ಹೊಸ ತಾಣದ ಪ್ರತಿ ಪುಟದ ಅಡಿಯಲ್ಲಿ ಈಗ ಮೂರು ಹೊಣೆಗಳು ನಮೂದಾಗುತ್ತವೆ: ಪಾಠ ಯಾರದು, ಪ್ರೋಗ್ರಾಮ್ ಯಾರದು, ವಿನ್ಯಾಸ ಯಾರದು. ಮಲ್ಲಿನಾಥ ಗಂಗಾಚಾರಿಗಳ ಕಾಲದಲ್ಲಿಯೇ ನೆಲೆಗೊಂಡಿದ್ದ ಪದ್ಧತಿಯನ್ನು ನಾವು ಇಷ್ಟು ತಡವಾಗಿ ಅನುಸರಿಸಿದೆವು. ತಪ್ಪು ಕಂಡ ವಿದ್ಯಾರ್ಥಿಗೆ ಯಾರನ್ನು ಕೇಳಬೇಕೆಂದು ಈಗ ತಿಳಿದಿದೆ; ಲಕ್ಷ್ಮೇಶ್ವರದ ಶಿಲೆಯ ಪುಟದಲ್ಲಿ ಎರಡು ತೇದಿಗಳೂ ಪಕ್ಕಪಕ್ಕದಲ್ಲಿ ನಿಂತಿವೆ.